ಕೆಂಪು ಹಚ್ಚಿದ ಮೂವತ್ತೇಳು ಮಾತು

ಪೋಲಿಷ್ ಭಾಷೆಯಲ್ಲಿ ಒಂದಕ್ಷರವೂ ಬಾರದ ನಾನು, ಆ ಭಾಷೆಯನ್ನು ತೊಟ್ಟಿಲಿನಿಂದ ಆಡಿಕೊಂಡು ಬಂದ ಹೆಂಗಸೊಬ್ಬರ ಅನುವಾದಕ್ಕೆ ‘ಫೇಲ್’ ಎಂದು ಬರೆದು ಸಹಿ ಹಾಕಿದ್ದೆ. ಪರೀಕ್ಷೆಯ ಶೀಟು ಹಾಗೆ ಹೇಳುತ್ತಿತ್ತು, ನಾನು ಹಾಕಿದೆ, ಕಾಫಿ ತರಲು ಎದ್ದು ಹೋದೆ.

ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂದು ಎದ್ದಿದ್ದ ವೈಟೂಕೆ ಗದ್ದಲ ಅಡಗಿದ ವರ್ಷ ಅದು. ಆಸ್ಟಿನ್ನಿನ ಉತ್ತರ ಭಾಗದಲ್ಲಿ, ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿದ್ದ ಅನುವಾದ ಏಜೆನ್ಸಿಯಲ್ಲಿ ನಾನು ಕೋಆರ್ಡಿನೇಟರ್. ಅನುವಾದಕರು ಬೇರೆ ಬೇರೆ ಊರುಗಳಲ್ಲಿ ತಮ್ಮ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದರು. ಫೈಲು ಕಳಿಸುವುದು, ವಾಪಸು ತರಿಸುವುದು, ಪರೀಕ್ಷೆಗೆ ಹಚ್ಚುವುದು, ಗಡುವು ತಪ್ಪಿದರೆ ಬೈಸಿಕೊಳ್ಳುವುದು ನನ್ನ ಪಾಲಿನದು. ಯಾವ ಭಾಷೆಯೂ ಬರಬೇಕಾಗಿಲ್ಲ, ಶಿಸ್ತು ಬಂದರೆ ಸಾಕು ಎಂದು ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಬಾಸ್ ಹೇಳಿದ್ದರು. ಮೈಸೂರಿನಲ್ಲಿ ಹೆಡ್‌ಮಾಸ್ಟರ ಮಗಳಾಗಿ ಬೆಳೆದವಳಿಗೆ ಶಿಸ್ತಿಗೇನು ಬರ?

ಡಲ್ಲಾಸಿನ ಉತ್ತರಕ್ಕೆ, ಮೆಕಿನ್ನಿಗೆ ಹೋಗುವ ದಾರಿಯಲ್ಲಿ, ಗ್ಯಾಸ್ ಕಂಪ್ರೆಸರ್ ತಯಾರಿಸುವ ಕಂಪನಿಯೊಂದಿತ್ತು. ಅವರು ಪೋಲೆಂಡಿನಲ್ಲಿ ಒಂದು ಕಾರ್ಖಾನೆ ತೆರೆದಿದ್ದರು. ಅಲ್ಲಿನ ಕೆಲಸಗಾರರಿಗೆ ಕೊಡುವ ಸುರಕ್ಷತಾ ಕೈಪಿಡಿಯನ್ನು ನಾವು ಪೋಲಿಷ್‌ಗೆ ಮಾಡಿಸಿ ಕೊಡಬೇಕಿತ್ತು. ಕೈಪಿಡಿ ಬರೆದವರು ಕಂಪನಿಯ ಸೇಫ್ಟಿ ಮ್ಯಾನೇಜರ್. ನರೆತ ಮೀಸೆ, ಬೂಟು, ಹೆಚ್ಚು ಮಾತಿಲ್ಲದ ಟೆಕ್ಸಸ್ ಮನುಷ್ಯ. ಪ್ರತಿ ಅಧ್ಯಾಯದ ತಲೆಯ ಮೇಲೆ ಒಂದೊಂದು ನುಡಿಗಟ್ಟನ್ನು ಚೌಕಟ್ಟು ಕಟ್ಟಿ ಕೂರಿಸಿದ್ದರು. ಬಹಳ ಸುಲಭ ಎನ್ನಲು ‘ಪೀಸ್ ಆಫ್ ಕೇಕ್’, ಆಮೇಲೆ ಪರಿತಪಿಸುವುದಕ್ಕಿಂತ ಮೊದಲೇ ಎಚ್ಚರ ಮೇಲು ಎನ್ನಲು ‘ಬೆಟರ್ ಸೇಫ್ ದ್ಯಾನ್ ಸಾರಿ’ ತರಹದವು, ಒಟ್ಟು ನಲವತ್ತೆಂಟು.

ಮೊದಲ ಸಭೆಗೆ ನಾನು ಡಲ್ಲಾಸಿಗೆ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಅವರು ಹೇಳಿದ್ದು ಇಷ್ಟು.

“ಪುಸ್ತಕದ ಉಳಿದ ಭಾಗ ಯಾರೂ ಓದಲ್ಲ. ಈ ನಲವತ್ತೆಂಟು ಮಾತು ಓದ್ತಾರೆ, ನೆನಪಿಟ್ಕೊಳ್ತಾರೆ. ಇದರಲ್ಲಿ ಒಂದೂ ಕಳೀಬಾರದು.”

ಆಮೇಲೆ ಹನ್ನೆರಡನೆಯದನ್ನು ಬೆರಳಿಟ್ಟು ತೋರಿಸಿದರು. ‘ವೆನ್ ಇನ್ ಡೌಟ್, ಪುಲ್ ದ ಪ್ಲಗ್.’ ಅನುಮಾನ ಬಂದರೆ ಕೆಲಸವನ್ನೇ ನಿಲ್ಲಿಸಿಬಿಡು ಎಂದು ಅದರ ಅರ್ಥ.

“ನಾನು ಫೋರ್‌ಮನ್ ಆಗಿದ್ದಾಗ ಒಂದು ದಿನ ಮಷೀನಿನಲ್ಲಿ ಏನೋ ಸರಿಯಿಲ್ಲ ಅಂತ ಮೂರು ಜನಕ್ಕೆ ಗೊತ್ತಿತ್ತು. ನಿಲ್ಲಿಸೋ ಅಧಿಕಾರ ತನಗಿದೆ ಅಂತ ಒಬ್ಬನಿಗೂ ಅನ್ನಿಸಲಿಲ್ಲ. ನನ್ನ ಪಕ್ಕದಲ್ಲಿದ್ದವನ ಬಲಗೈಯಲ್ಲಿ ಈಗ ಹೆಬ್ಬೆರಳು ಒಂದೇ ಇರೋದು,” ಎಂದರು. ನಾನು ಅದನ್ನೂ ಶ್ರದ್ಧೆಯಿಂದ ನೋಟ್ ಮಾಡಿಕೊಂಡೆ.

ಅನುವಾದಕ್ಕೆ ಆರಿಸಿದ್ದು ಹ್ಯೂಸ್ಟನ್ನಿನ ಅನುವಾದಕಿಯೊಬ್ಬರನ್ನು. ಅರವತ್ತರ ಆಸುಪಾಸಿನ ಹೆಂಗಸು. ಪೋಲೆಂಡಿನ ಹಡಗುಕಟ್ಟೆಯೊಂದರಲ್ಲಿ ತಾಂತ್ರಿಕ ಪುಸ್ತಕಾಲಯ ನೋಡಿಕೊಂಡಿದ್ದವರು. ಅಮೆರಿಕಕ್ಕೆ ಬಂದ ಮೇಲೆ ಎಷ್ಟೋ ವರ್ಷ ಬೇಕರಿಯಲ್ಲಿ ದುಡಿದು, ಕೊನೆಗೆ ನಮ್ಮಂಥ ಏಜೆನ್ಸಿಗಳ ಪಟ್ಟಿ ಸೇರಿದ್ದರು. ನಮ್ಮ ಪಟ್ಟಿ ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್ ಮೂರೂ ಆಫೀಸಿಗೆ ಒಂದೇ. ಅದರಲ್ಲಿ ಹೆಸರಿನ ಮುಂದೆ ‘ಫೇಲ್’ ಬಿದ್ದರೆ ಮೂರೂ ಬಾಗಿಲು ಒಟ್ಟಿಗೆ ಮುಚ್ಚುತ್ತವೆ.

ಅವರ ಮೊದಲ ಫೈಲು ನಮ್ಮ ಕಂಪ್ಯೂಟರಿನಲ್ಲಿ ಹಾಳು ಹಂಪೆಯಂತೆ ತೆರೆದುಕೊಂಡಿತು. ಅಡ್ಡಗೆರೆ ಎಳೆದ ಎಲ್ ಇರಬೇಕಾದ ಕಡೆ ಪುಟ್ಟದೊಂದು ಮೂರರ ಅಂಕಿ, ಬಾಲವಿರುವ ಎ ಇರಬೇಕಾದ ಕಡೆ ಪುಟ್ಟದೊಂದು ಒಂದರ ಅಂಕಿ. ಎರಡು ದಿನ ಹೆಣಗಿದೆ. ಅವರೇ ಫೋನ್ ಮಾಡಿ, ಯಾವ ಮೆನು ತೆರೆದು ಮಧ್ಯ ಯುರೋಪಿನ ಅಕ್ಷರಗಳನ್ನು ಹೇಗೆ ಆರಿಸಬೇಕೆಂದು ಸಮಾಧಾನವಾಗಿ ಹೇಳಿಕೊಟ್ಟರು. ನನಗೆ ಗುರುತು ಸಿಗಲೆಂದು ಪೋಲಿಷ್‌ನ ಒಂಬತ್ತು ವಿಶೇಷ ಅಕ್ಷರಗಳನ್ನು ಕೈಯಲ್ಲಿ ದಪ್ಪಗೆ ಬರೆದು ಫ್ಯಾಕ್ಸ್ ಮಾಡಿದರು. ಅದನ್ನು ಮೇಜಿನ ಮುಂದಿನ ಬೋರ್ಡಿಗೆ ಪಿನ್ ಮಾಡಿಕೊಂಡೆ.

ಇನ್ನು ಪರೀಕ್ಷೆ. ನಮ್ಮಲ್ಲಿದ್ದ ಕ್ರಮಕ್ಕೆ ಮರು ಅನುವಾದ ಎಂದು ಹೆಸರು. ಇಂಗ್ಲಿಷಿನಿಂದ ಪೋಲಿಷ್‌ಗೆ ಆದದ್ದನ್ನು ಇನ್ನೊಬ್ಬರ ಕೈಗೆ ಕೊಡುವುದು. ಅವರು ಮೂಲ ನೋಡದೆ, ಮಾತಿಗೆ ಮಾತು ಹಿಡಿದು ಅದನ್ನು ಮತ್ತೆ ಇಂಗ್ಲಿಷಿಗೆ ತರುವುದು. ಎರಡು ಇಂಗ್ಲಿಷನ್ನೂ ಅಕ್ಕಪಕ್ಕ ಇಟ್ಟು, ಹೊಂದಿದರೆ ಹಸಿರು, ಹೊಂದದಿದ್ದರೆ ಕೆಂಪು. ಶೀಟಿನಲ್ಲಿ ನಾಲ್ಕು ಕಾಲಂ: ಮೂಲ, ಪೋಲಿಷ್, ಮರು ಇಂಗ್ಲಿಷ್, ತೀರ್ಪು. ಮೂರನೆಯದನ್ನು ತುಂಬುತ್ತಿದ್ದವರು ಬೇರೆ ರಾಜ್ಯದಲ್ಲಿದ್ದ ಒಬ್ಬ ಅಮೆರಿಕನ್, ಇಂಗ್ಲಿಷಿನಲ್ಲೇ ಬೆಳೆದು ಕಾಲೇಜಿನಲ್ಲಿ ಪೋಲಿಷ್ ಕಲಿತವರು. ನಾಲ್ಕನೆಯದನ್ನು ತುಂಬುತ್ತಿದ್ದವಳು ನಾನು.

“ಪಾಲಿಷ್ ಅಂದ್ರ ಬೂಟಿಗೆ ಹಚ್ಚೂದು ಒಂದಽ ಗೊತ್ತು ನಮಗ,” ಎಂದು ಧಾರವಾಡದ ನನ್ನ ಗಂಡ ಊಟಕ್ಕೆ ಕೂತಾಗ ಚುಡಾಯಿಸಿದ್ದರು. “ನೀ ಅದರಾಗ ಮಾರ್ಕ್ಸ್ ಕೊಡಾಕ್ಹತ್ತೀಯಲ್ಲ, ಭಲೇ!”

“ಸುಮ್ನಿರ್ರೀ, ಅದಕ್ಕೊಂದು ಪ್ರೊಸೀಜರ್ ಇದೆ,” ಅಂದಿದ್ದೆ.

ಶೀಟು ಬಂತು. ‘ಪೀಸ್ ಆಫ್ ಕೇಕ್’ ಇದ್ದ ಕಡೆ ‘ಬೆಣ್ಣೆ ಸವರಿದ ಬನ್ನು’ ಎಂದಿತ್ತು. ನೋಡದೆ ಕೊಳ್ಳಬೇಡ ಎಂಬರ್ಥದ, ಗೋಣಿಯೊಳಗೆ ಹಂದಿ ಇರುವ ಇಂಗ್ಲಿಷ್ ಮಾತಿನಲ್ಲಿ ಹಂದಿ ಹೋಗಿ ಬೆಕ್ಕು ಬಂದಿತ್ತು. ಒಂದೇ ಕಲ್ಲಿಗೆ ಎರಡು ಹಕ್ಕಿ ಹೊಡೆಯುವ ಕಡೆ ಒಂದೇ ಬೆಂಕಿಯಲ್ಲಿ ಎರಡು ಮಾಂಸ ಬೇಯುತ್ತಿತ್ತು. ಅಪರೂಪಕ್ಕೊಮ್ಮೆ ಎನ್ನಲು ಇಂಗ್ಲಿಷಿನಲ್ಲಿ ನೀಲಿ ಚಂದ್ರ ಇದ್ದರೆ, ಇವರಲ್ಲಿ ‘ರಷ್ಯದ ವರ್ಷಕ್ಕೊಮ್ಮೆ’. ‘ಬೆಟರ್ ಸೇಫ್ ದ್ಯಾನ್ ಸಾರಿ’ಗೆ ‘ಎಚ್ಚರದಲ್ಲಿರುವವನನ್ನು ದೇವರು ಕಾಯುತ್ತಾನೆ’. ಇನ್ನು ಹನ್ನೆರಡನೆಯದು, ಬೆರಳು ಹೋದವನ ಮಾತು, ‘ಏನಾದರೂ ನುಡಿಯದಿದ್ದರೆ ನಿಂತುಕೋ’ ಎಂದು ವಾಪಸು ಬಂದಿತ್ತು. ವಾದ್ಯ ನುಡಿಯುತ್ತದಲ್ಲ, ಆ ನುಡಿ. ಅದರ ಮುಂದೆ ‘ಸುರಕ್ಷತಾ ಕೈಪಿಡಿಯಲ್ಲಿ ಸಂಗೀತ ಏಕೆ?’ ಎಂದು ನಾನು ಕೆಂಪಿನಲ್ಲಿ ಬರೆದೆ.

ನಲವತ್ತೆಂಟರಲ್ಲಿ ಮೂವತ್ತೇಳು ಕೆಂಪು.

ಶೀಟಿನ ಪ್ರತಿ ಡಲ್ಲಾಸಿಗೆ ಹೋಯಿತು. ಸೇಫ್ಟಿ ಮ್ಯಾನೇಜರ್ ಫೋನ್ ಮಾಡಿದರು. ಬೈಯಲಿಲ್ಲ. “ಹನ್ನೆರಡನೆಯದು ಎಲ್ಲಿ ಹೋಯ್ತು?” ಎಂದು ಮಾತ್ರ ಕೇಳಿದರು. ಆ ಕರೆ ಮುಗಿದೊಡನೆ ಹ್ಯೂಸ್ಟನ್ನಿನ ಅನುವಾದಕಿಗೆ ಫೋನ್ ಮಾಡಿದೆ.

“ಮೇಡಂ, ನಿಮಗೆ ಕೊಟ್ಟದ್ದು ಹಂದಿ. ನೀವು ಬೆಕ್ಕು ಕಳಿಸಿದ್ದೀರಿ,” ಅಂದೆ.

“ನಮ್ಮಲ್ಲಿ ಚೀಲದೊಳಗೆ ಇರೋದು ಬೆಕ್ಕೇ,” ಎಂದರು. “ಹಂದಿ ಅಂತ ಬರೆದರೆ ಓದುವವನು ಹಂದಿ ಎಲ್ಲಿಂದ ಬಂತು ಅಂತ ಯೋಚಿಸ್ತಾನೆ. ಕೆಲಸದ ಬಗ್ಗೆ ಯೋಚಿಸೋದಿಲ್ಲ. ನಿಮ್ಮ ಭಾಷೆಯಲ್ಲೂ ಇಂಥ ಮಾತುಗಳು ಇರಬೇಕಲ್ಲವೇ?”

“ಬೇಕಾದಷ್ಟಿವೆ. ಆದರೆ ಶೀಟಿನಲ್ಲಿ ಅವಕ್ಕೆ ಕಾಲಂ ಇಲ್ಲ.”

ಆಗ ಅದೊಂದು ಭಾರಿ ಉತ್ತರ ಅನ್ನಿಸಿತ್ತು ನನಗೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರು ಪ್ರತಿಯೊಂದಕ್ಕೂ ಕಾರಣ ಬರೆದು ಮೂರು ಪುಟ ಫ್ಯಾಕ್ಸ್ ಮಾಡಿದರು. ಗಡುವು ತಲೆಯ ಮೇಲಿತ್ತು. ನಾನು ಮೊದಲ ಪುಟ ಓದಿ ಫೈಲಿಗೆ ಸೇರಿಸಿದೆ. ಅವರಿಗೆ ಪತ್ರ ಬರೆದು ಕೆಲಸ ವಾಪಸು ಪಡೆದೆ. ಪಟ್ಟಿ ತೆರೆದು ಅವರ ಹೆಸರಿನ ಮುಂದೆ ಬರೆಯಬೇಕಾದ್ದನ್ನು ಬರೆದೆ. ಪ್ರತಿಯಾಗಿ ಅವರಿಂದ ಬಂದದ್ದು ಒಂದೇ ಸಾಲು: ‘ನಿಮ್ಮ ಪತ್ರ ತಲುಪಿದೆ.’

ಎರಡನೆಯ ಅನುವಾದಕ ಇನ್ನೊಂದು ರಾಜ್ಯದ ಚುರುಕು ಮನುಷ್ಯ. ಮೊದಲ ಶೀಟಿಗೆ ಏನಾಯಿತೆಂದು ನಾನೇ ಅವನಿಗೆ ಹೇಳಿದ್ದೆ. ಪಾಠ ಕಲಿತ ವಿದ್ಯಾರ್ಥಿಯ ಹಾಗೆ ಅವನು ಹಂದಿಗೆ ಹಂದಿ, ಚಂದ್ರನಿಗೆ ಚಂದ್ರ, ಪ್ಲಗ್ಗಿಗೆ ಪ್ಲಗ್ಗು ಇಟ್ಟು ನಾಲ್ಕು ದಿನದಲ್ಲಿ ಕಳಿಸಿದ. ಮರು ಅನುವಾದದಲ್ಲಿ ನಲವತ್ತೆಂಟಕ್ಕೆ ನಲವತ್ತಾರು ಹಸಿರು. ಬಾಸ್ ಆ ಶೀಟನ್ನು ಪ್ರಿಂಟ್ ಮಾಡಿ ಕಾಫಿ ಮಷೀನಿನ ಮೇಲೆ ಅಂಟಿಸಿದರು. ಡಲ್ಲಾಸಿನವರು ಸಹಿ ಹಾಕಿದರು. ಹತ್ತು ದಿನದಲ್ಲಿ ಮುದ್ರಣಕ್ಕೆ ಹೋಗಬೇಕು.

ಅದೇ ವಾರಾಂತ್ಯ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡಿನಲ್ಲಿ ನಮಗೆ ಪರಿಚಯದ ಆಂಟಿಯೊಬ್ಬರ ಮನೆಯಲ್ಲಿ ಊಟ. ಯುಗಾದಿ ಕಾರ್ಯಕ್ರಮಕ್ಕೆ ಮಕ್ಕಳದೊಂದು ಪ್ರಹಸನ ಸಿದ್ಧವಾಗುತ್ತಿತ್ತು. ನಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅದನ್ನೇ ತಮಾಷೆ ಮಾಡಿ, ಅಪ್ಪ ಅಮ್ಮ ಮನೆಯಲ್ಲಿ ಆಡುವ ಮಾತನ್ನು ಹಾಗೆ ಹಾಗೇ ಇಂಗ್ಲಿಷಿಗೆ ಇಳಿಸಿದ್ದರು. ಒಂದು ಹುಡುಗಿ ಸೊಂಟದ ಮೇಲೆ ಕೈಯಿಟ್ಟು ಆಂಟಿಯನ್ನೇ ಅಣಕಿಸಿತು, “ಡೋಂಟ್ ಈಟ್ ಮೈ ಹೆಡ್!” ಇನ್ನೊಂದು, “ದಟ್ ಕಾಂಟ್ರಾಕ್ಟರ್ ಪುಟ್ ಎ ಕ್ಯಾಪ್ ಆನ್ ಮಿ!” ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ತಲೆ ತಿನ್ನುವುದು, ಟೋಪಿ ಹಾಕುವುದು, ಬಿಡಿಸಿ ಹೇಳಬೇಕೆ? ಮೂರನೆಯವಳು ಅಪ್ಪನ ದನಿಯಲ್ಲಿ ಫೋನ್ ಹಿಡಿದು ಹೇಳಿದಳು, “ಅವರ್ ಕಾರ್ ಗೇವ್ ಹ್ಯಾಂಡ್ ಆನ್ ದ ಫ್ರೀವೇ!”

ಆಂಟಿಯ ಪಕ್ಕದ ಮನೆಯ ಅಮೆರಿಕನ್ ಹೆಂಗಸೂ ಊಟಕ್ಕೆ ಬಂದಿದ್ದರು. ನಮ್ಮ ಜೊತೆ ಸೌಜನ್ಯಕ್ಕೆ ನಗುತ್ತಿದ್ದರು. ಕಾರಿನ ಮಾತು ಬಂದಾಗ ನನ್ನ ಕಡೆ ವಾಲಿ, “ಪಾಪ, ಒಳ್ಳೇದಾಯ್ತು. ದಾರಿಯಲ್ಲಿ ಯಾರು ಸಹಾಯ ಮಾಡಿದ್ರಂತೆ?” ಎಂದು ಕೇಳಿದರು.

ಕಾರು ಕೈಕೊಟ್ಟಿದೆ, ಇವರು ಸಹಾಯ ಸಿಕ್ಕಿತೆಂದು ತಿಳಿದಿದ್ದಾರೆ.

ನಾನು ನಗುವುದನ್ನು ನಿಲ್ಲಿಸಿದೆ. ಪಾಯಸದ ಬಟ್ಟಲು ಕೈಯಲ್ಲೇ ಉಳಿಯಿತು. ಆ ಕೋಣೆಯಲ್ಲಿ ಮಕ್ಕಳ ಇಂಗ್ಲಿಷನ್ನು ಸರಿಯಾಗಿ ಕನ್ನಡಕ್ಕೆ ವಾಪಸು ತರಬಲ್ಲವರು ಯಾರು? ಮೊದಲೇ ಕನ್ನಡ ಗೊತ್ತಿದ್ದವರು. ಶೀಟು ಕೊಟ್ಟಿದ್ದರೆ ನಾವೆಲ್ಲ ಹಸಿರು ಹಚ್ಚುತ್ತಿದ್ದೆವು. ಮಾತು ತಲುಪಬೇಕಾಗಿದ್ದ ಒಬ್ಬರೇ ಒಬ್ಬರಿಗೆ ಅದು ತಿರುಗಾಮುರುಗಾ ತಲುಪಿತ್ತು. ನಮ್ಮ ಮರು ಅನುವಾದಕ ಇಂಗ್ಲಿಷಿನಲ್ಲೇ ಬೆಳೆದವನು. ಪ್ಲಗ್ಗಿಗೆ ಪ್ಲಗ್ಗು ಇಟ್ಟಿದ್ದರೆ ಅವನಿಗೆ ತನ್ನ ಮನೆಯ ಮಾತು ಗುರುತು ಸಿಗದೆ ಇರುತ್ತದೆಯೇ? ನಾನು ನಡೆಸುತ್ತಿದ್ದ ಪರೀಕ್ಷೆಯಲ್ಲಿ ಕೆಟ್ಟ ಅನುವಾದ ಪಾಸಾಗುತ್ತಿತ್ತು, ಒಳ್ಳೆಯದು ಫೇಲಾಗುತ್ತಿತ್ತು.

“ಏನಾತು? ಮಾರಿ ಯಾಕ ಹಂಗ ಸಣ್ಣದಾತು?” ಎಂದು ವಾಪಸು ಹೋಗುವಾಗ ಕಾರಿನಲ್ಲಿ ಗಂಡ ಕೇಳಿದರು.

ಎಲ್ಲ ಹೇಳಿದೆ. ಅವರು ನಗಲಿಲ್ಲ. “ಹಂಗಾದ್ರ ಆ ಅಜ್ಜಿ ಬರದದ್ದು ಖರೇ ಇತ್ತೇನು?”

“ಇದ್ದಿರಬಹುದು. ನನಗೇನ್ ಗೊತ್ರೀ? ಗೊತ್ತಿಲ್ಲದೇನೇ ಅಲ್ವಾ ಫೇಲ್ ಮಾಡಿದ್ದು!” ಎಂದು ಅವರ ಮೇಲೆಯೇ ರೇಗಿದೆ.

ಸೋಮವಾರ ಬಾಸ್‌ಗೆ ಹೇಳಿದೆ. ಅವರು ಕೆಟ್ಟವರಲ್ಲ, ಹೆದರಿಕೆಯ ಸ್ವಭಾವದವರು. “ಕ್ಲೈಂಟ್ ಸಹಿ ಹಾಕಿ ಆಗಿದೆ. ಹಸಿರು ಬಂದ ಶೀಟನ್ನ ಯಾರಾದರೂ ತಾವಾಗೇ ಕೆಂಪು ಮಾಡ್ಕೋತಾರಾ? ಅವರು ದೂರು ಕೊಟ್ಟರೆ ಆಗ ನೋಡೋಣ,” ಎಂದರು. ನಾನು ನನ್ನ ಮೇಜಿಗೆ ಬಂದು ಆ ಮೂರು ಪುಟದ ಫ್ಯಾಕ್ಸನ್ನು ಫೈಲಿನಿಂದ ತೆಗೆದು ಪೂರ್ತಿ ಓದಿದೆ. ಹನ್ನೆರಡನೆಯದರ ಮುಂದೆ ಹೀಗಿತ್ತು: ‘ಏನೋ ಸರಿಯಿಲ್ಲ ಅನ್ನಿಸಿದಾಗ ನಮ್ಮ ಕೆಲಸಗಾರರು ಬಾಯಲ್ಲಿ ಆಡುವ ಮಾತೇ ಇದು. ಹಡಗುಕಟ್ಟೆಯಲ್ಲಿ ದಿನವೂ ಕೇಳಿದ್ದೇನೆ. ಇದನ್ನು ಓದಿದರೆ ಅವರ ಕೈ ತಾನಾಗಿ ನಿಲ್ಲುತ್ತದೆ.’

ಊಟದ ವೇಳೆಯಲ್ಲಿ, ಬಾಸ್ ಇಲ್ಲದಾಗ, ನೇರವಾಗಿ ಡಲ್ಲಾಸಿಗೆ ಫೋನ್ ಮಾಡಿದೆ. ಬಾಸ್‌ಗೆ ತಿಳಿದರೆ ಕೆಲಸಕ್ಕೆ ಕುತ್ತು ಎಂದು ಗೊತ್ತಿತ್ತು. ಮಾಡಿದ್ದುಣ್ಣೋ ಮಹಾರಾಯ, ಉಣ್ಣಬೇಕಾದರೆ ಉಣ್ಣೋಣ ಅನ್ನಿಸಿತು.

“ಸರ್, ನಾನು ನಿಮಗೆ ಕಳಿಸಿದ ಹಸಿರು ಶೀಟಿನ ಮೇಲೆ ನನಗೇ ನಂಬಿಕೆ ಇಲ್ಲ,” ಅಂದೆ. “ಇಂಗ್ಲಿಷ್ ಗೊತ್ತಿರುವವರನ್ನ ಕೇಳಿ ಪಾಸ್ ಮಾಡಿದ್ದೀವಿ. ಗೊತ್ತಿಲ್ಲದವರನ್ನ ಕೇಳಬೇಕಿತ್ತು. ಹ್ಯೂಸ್ಟನ್ನಿನ ಪೋಲಿಷ್ ಚರ್ಚಿಗೆ ಭಾನುವಾರ ವೆಲ್ಡರುಗಳು, ಮೆಕ್ಯಾನಿಕ್‌ಗಳು ಬರ್ತಾರೆ. ನೀವೂ ಬನ್ನಿ. ನಿಮ್ಮ ಮಾತು ತಲುಪುತ್ತೋ ಇಲ್ಲವೋ ನೀವೇ ನೋಡಿ.”

“ಎಷ್ಟು ಗಂಟೆಗೆ?” ಎಂದರು.

ನಾನು ಕ್ರಮ ಬಿಡುವವಳಲ್ಲ. ಮುಖ್ಯವಾದ ಹನ್ನೆರಡು ನುಡಿಗಟ್ಟು ಆರಿಸಿ ದೊಡ್ಡ ಅಕ್ಷರದಲ್ಲಿ ಎರಡು ಹಾಳೆ ಮಾಡಿದೆ. ಎರಡನೆಯ ಅನುವಾದಕನದಕ್ಕೆ ಎ, ಹ್ಯೂಸ್ಟನ್ನಿನವರದಕ್ಕೆ ಬಿ. ಇಂಗ್ಲಿಷ್ ಒಂದಕ್ಷರ ಇಲ್ಲ. ಯಾವುದು ಯಾರದೆಂದು ದುಭಾಷಿಯಾಗಿ ಬರಲು ಒಪ್ಪಿದ್ದ ಚರ್ಚಿನ ಸೆಕ್ರೆಟರಿಗೂ ಹೇಳಲಿಲ್ಲ. ‘ಅರ್ಥವಾಯಿತೇ’ ಎಂದು ಕೇಳಕೂಡದು, ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಓದಿದರೆ ನಾಳೆ ಕೆಲಸದಲ್ಲಿ ಏನು ಮಾಡುತ್ತೀರಿ?

ಪ್ರಾರ್ಥನೆ ಮುಗಿದ ಮೇಲೆ ಹಾಲ್‌ನಲ್ಲಿ ಕಾಫಿ. ಐದು ಜನ ಗಂಡಸರು ಕೂತರು, ಎಲ್ಲರೂ ಬಂದು ವರ್ಷ ಎರಡು ವರ್ಷ ಆದವರು. ಸೇಫ್ಟಿ ಮ್ಯಾನೇಜರ್ ಮೂಲೆಯ ಕುರ್ಚಿಯಲ್ಲಿ ಹ್ಯಾಟನ್ನು ಮೊಣಕಾಲಿನ ಮೇಲಿಟ್ಟುಕೊಂಡು ಕೂತರು. ನಾನು ಸೆಕ್ರೆಟರಿ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೆ.

ಎ ಹಾಳೆ ಮೊದಲು. ಹಂದಿಯ ಸಾಲು ಓದಿ ಅವರು ಮುಖ ಮುಖ ನೋಡಿಕೊಂಡರು. ಚಂದ್ರನ ಸಾಲಿಗೆ ಒಬ್ಬ, ಇದು ರಾತ್ರಿ ಪಾಳಿಯ ನಿಯಮ ಇರಬೇಕು ಎಂದ. ಅನುಮಾನ ಬಂದರೆ ಪ್ಲಗ್ಗು ಕೀಳು ಎಂಬ ಸಾಲು ಒಬ್ಬ ದಪ್ಪನೆಯ ಮೆಕ್ಯಾನಿಕ್‌ನ ಪಾಲಿಗೆ ಬಂತು. ಆತ ಬಹಳ ಯೋಚಿಸಿ ಉತ್ತರ ಕೊಟ್ಟ. ಸೆಕ್ರೆಟರಿ ಇಂಗ್ಲಿಷಿನಲ್ಲಿ ಹೇಳಿದರು:

“ಅಷ್ಟು ದೊಡ್ಡ ಕಂಪ್ರೆಸರಿಗೆ ಪ್ಲಗ್ಗು ಇರೋದಿಲ್ಲ, ನೇರ ಪ್ಯಾನಲ್ಲಿಗೆ ವೈರ್ ಎಳೆದಿರ್ತಾರೆ ಅಂತಾರೆ. ಆದರೂ ಕಂಪನಿ ಬರೆದಿದೆ ಅಂದ್ರೆ ಎಲ್ಲೋ ಇರಬೇಕು, ಹುಡುಕ್ತೀನಿ ಅಂತಾರೆ. ಸಿಗದಿದ್ರೆ ಎಲೆಕ್ಟ್ರಿಷಿಯನ್‌ಗೆ ಹೇಳಿಕಳಿಸ್ತಾರಂತೆ.”

“ಎಲೆಕ್ಟ್ರಿಷಿಯನ್ ಬರೋ ತನಕ?” ಎಂದು ಮೂಲೆಯಿಂದ ಪ್ರಶ್ನೆ ಬಂತು.

ಮೆಕ್ಯಾನಿಕ್ ಭುಜ ಕುಣಿಸಿದ. “ಮಷೀನ್ ಓಡ್ತಾ ಇರುತ್ತೆ ಅಂತಾರೆ,” ಎಂದರು ಸೆಕ್ರೆಟರಿ.

ಸೇಫ್ಟಿ ಮ್ಯಾನೇಜರ್ ಹ್ಯಾಟಿನ ಅಂಚನ್ನು ಸವರುತ್ತ ಕೂತರು. ನಾನು ಆ ಕಡೆ ನೋಡಲಿಲ್ಲ.

ಬಿ ಹಾಳೆ. ಬೆಕ್ಕು, ಬೆಣ್ಣೆ ಬನ್ನು ಸಲೀಸಾಗಿ ದಾಟಿದವು. ದೇವರ ಸಾಲನ್ನು ಸೆಕ್ರೆಟರಿ ಓದತೊಡಗಿ ಮೊದಲ ಪದ ಹೇಳುವಷ್ಟರಲ್ಲಿ ಐದೂ ಜನ ಉಳಿದದ್ದನ್ನು ಒಟ್ಟಿಗೆ ಮುಗಿಸಿದರು. ಕಾಫಿ ಬಡಿಸುತ್ತಿದ್ದ ಹೆಂಗಸರೂ ದನಿಗೂಡಿಸಿದರು. ಆಮೇಲೆ ಹನ್ನೆರಡನೆಯದು. ನಾನು ‘ಸಂಗೀತ ಏಕೆ’ ಎಂದು ಕೇಳಿದ್ದ ಸಾಲು. ದಪ್ಪ ಮೆಕ್ಯಾನಿಕ್ ಅದನ್ನು ಓದಿದ. ಅಂಗೈ ಎತ್ತಿ, ಮೇಜಿನ ಮೇಲೆ ದೊಡ್ಡ ಗುಂಡಿಯೊಂದನ್ನು ಒತ್ತಿದ ಹಾಗೆ ಧಡ್ ಎಂದು ಒತ್ತಿ ಹಿಡಿದ.

ಅನುವಾದ ಯಾರಿಗೂ ಬೇಕಾಗಲಿಲ್ಲ. ಸೇಫ್ಟಿ ಮ್ಯಾನೇಜರ್ ಎದ್ದು ಬಂದು ಆ ಕೈಯನ್ನು ಕುಲುಕಿದರು.

ಬಿ ಹಾಳೆಯಲ್ಲೂ ಎರಡು ಬಿದ್ದವು. ರಷ್ಯದ ವರ್ಷ ಮನೆಯಲ್ಲಿ ಸರಿ, ಕಂಪನಿ ಪುಸ್ತಕದಲ್ಲಿ ಚೆನ್ನಾಗಿರಲ್ಲ ಎಂದರು. ಗ್ಯಾಸ್ ಕಾರ್ಖಾನೆಯ ಪುಸ್ತಕದಲ್ಲಿ ಬೆಂಕಿ ಹೊತ್ತಿಸಿ ಮಾಂಸ ಸುಡುವ ಮಾತು ಬೇಡವೇ ಬೇಡ ಎಂದರು. ಎರಡನ್ನೂ ಬರೆದುಕೊಂಡೆ.

ಪಾರ್ಕಿಂಗಿನಲ್ಲಿ ಸೇಫ್ಟಿ ಮ್ಯಾನೇಜರ್ ಮುದ್ರಣ ನಿಲ್ಲಿಸುವುದಾಗಿ ಹೇಳಿದರು. “ಬಿ ಬರೆದವರು ಯಾರು?” ಎಂದು ಕೇಳಿದರು.

“ನಾನು ಫೇಲ್ ಮಾಡಿದವರು.”

“ಹಾಗಾದ್ರೆ ನೀವಿನ್ನೂ ಇಲ್ಲಿ ನಿಂತಿರೋದ್ಯಾಕೆ?” ಎಂದರು.

ಅನುವಾದಕಿಯ ಮನೆ ಅಲ್ಲಿಂದ ಹದಿನೈದು ನಿಮಿಷದ ದಾರಿ, ಒಂದು ಅಪಾರ್ಟ್‌ಮೆಂಟಿನ ಕೆಳಮಹಡಿ. ಬಾಗಿಲು ತೆರೆದವರು ಎತ್ತರದ, ನೇರ ಬೆನ್ನಿನ ಹೆಂಗಸು. ನಾನು ಯಾರೆಂದು ಹೇಳಿದೆ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ, ಒಳಗೆ ಬನ್ನಿ ಎಂದೂ ಅನ್ನಲಿಲ್ಲ. ಹಾಳೆಗಳನ್ನು ಹೊರಗಿನಿಂದಲೇ ಚಾಚಿದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು.

“ಹೊಸ್ತಿಲ ಮೇಲೆ ಬೇಡ. ನಮ್ಮಲ್ಲಿ ಹಾಗೆ ಕೊಡೋದು, ತಗೊಳ್ಳೋದು ಮಾಡೋದಿಲ್ಲ. ಒಳ್ಳೇದಲ್ಲ.”

“ನಮ್ಮಲ್ಲೂ ಇಲ್ಲ,” ಅಂದೆ. ಊರಿನಲ್ಲಿ ನಮ್ಮಜ್ಜಿ ಇದಕ್ಕಾಗಿ ನನ್ನ ಕೈಗೆ ಎಷ್ಟು ಸಲ ಏಟು ಕೊಟ್ಟಿದ್ದಳೋ! ಬೇರೆ ದಾರಿಯಿಲ್ಲದೆ ಅವರು ಪಕ್ಕಕ್ಕೆ ಸರಿದರು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.

ನಿಂತೇ ಹೇಳಿದೆ. ಪರೀಕ್ಷೆ ಹೇಗೆ ತಪ್ಪಾಗಿತ್ತು, ಐದು ಜನ ಏನೆಂದರು, ಆ ಅಂಗೈ. “ತಪ್ಪು ನನ್ನದು. ನಿಮ್ಮ ಫ್ಯಾಕ್ಸನ್ನ ಪೂರ್ತಿ ಓದಿರಲಿಲ್ಲ. ಕ್ಷಮಿಸಿ,” ಅಂದೆ.

“ನನ್ನದರಲ್ಲಿ ಯಾವ ಎರಡು ಬಿದ್ದವು?” ಎಂದು ಕೇಳಿದರು. ಹೇಳಿದೆ. ಕನ್ನಡಕ ಹಾಕಿಕೊಂಡು ಮೇಜಿಗೆ ಕೂತು ಪೆನ್ಸಿಲ್ ತೆಗೆದುಕೊಂಡರು. ಬೆಂಕಿಯ ಸಾಲನ್ನು ತಾವೇ ಹೊಡೆದುಹಾಕಿದರು. “ಅವರು ಹೇಳಿದ್ದು ಸರಿ. ಇದು ನನಗೇ ಹೊಳೀಬೇಕಿತ್ತು.” ಹೊಸದನ್ನು ಬರೆದು, ಬಾಯಲ್ಲಿ ಎರಡು ಸಲ ಆಡಿ ನೋಡಿ, ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ನನಗೆ ಓದಲು ಬರುವುದಿಲ್ಲ ಎಂದು ಆಮೇಲೆ ನೆನಪಾಗಿ ಮೊದಲ ಸಲ ಸ್ವಲ್ಪ ನಕ್ಕರು.

ಹೊರಡುವಾಗ ಕೇಳಿದರು. “ನನ್ನ ಹೆಸರಿನ ಮುಂದೆ ನೀವು ಬರೆದ ಪದ ಇನ್ನೂ ಇದೆಯಾ?”

“ಇದೆ.”

“ನಿಮ್ಮ ಹ್ಯೂಸ್ಟನ್ ಆಫೀಸಿನವರು ಕೊಟ್ಟಿದ್ದ ಕೆಲಸ ವಾಪಸು ತಗೊಂಡ್ರು. ಬೇಕರಿಗೆ ಮತ್ತೆ ಫೋನ್ ಮಾಡಿದ್ದೆ. ನಾಳೆಯಿಂದ ಬರೋದಕ್ಕೆ ಹೇಳಿದ್ದಾರೆ.” ದೂರುವ ದನಿಯಲ್ಲ, ಬಸ್ಸಿನ ವೇಳೆ ಹೇಳಿದ ಹಾಗೆ ಹೇಳಿದರು.

ಮಾರನೆಯ ಬೆಳಿಗ್ಗೆ ಆಫೀಸಿನಲ್ಲಿ ಪಟ್ಟಿ ತೆರೆದೆ. ‘ಫೇಲ್’ ಅಳಿಸಲು ಹೋದರೆ ಅದು ಅಳಿಯುವುದಿಲ್ಲ. ಒಮ್ಮೆ ಹಾಕಿದ ಅಂಕ ತೆಗೆಯದಂತೆ ಮಾಡಿಟ್ಟಿದ್ದರು. ಕೆಳಗೊಂದು ಷರಾ ಸೇರಿಸಬಹುದು ಅಷ್ಟೇ. ಅಷ್ಟು ಹೊತ್ತಿಗೆ ಡಲ್ಲಾಸಿನಿಂದ ಬಾಸ್‌ಗೆ ಫೋನ್ ಬಂದಾಗಿತ್ತು. ಬೆಳಿಗ್ಗೆಯೆಲ್ಲ ಮುಖ ಊದಿಸಿಕೊಂಡಿದ್ದವರು, ಕೊನೆಗೆ ಕ್ಲೈಂಟ್ ನಮ್ಮನ್ನು ಹೊಗಳಿದ್ದಾನೆ ಎಂದು ಸಮಾಧಾನ ಮಾಡಿಕೊಂಡು ನನ್ನ ಹಿಂದೆ ಬಂದು ನಿಂತರು.

“‘ಪ್ರಕ್ರಿಯೆಯಲ್ಲಿ ಸುಧಾರಣೆ ಮಾಡಲಾಗಿದೆ’ ಅಂತ ಬರಿ, ಸಾಕು,” ಎಂದರು.

“ಅದನ್ನ ಓದಿದರೆ ಇವರು ಸುಧಾರಿಸಿದರು ಅಂತ ಅರ್ಥವಾಗುತ್ತೆ.”

“ನಿನ್ನ ಹೆಸರು ಮಾತ್ರ ಹಾಕ್ಬೇಡ. ನಾಳೆ ನಿನಗೇ ತೊಂದರೆ.”

ಅವರು ಅತ್ತ ಹೋದ ಮೇಲೆ ಬರೆದೆ. ಹೆಸರು ಹಾಕಿದೆ.

ಬಾಕಿ ಮೂವತ್ತಾರು ಮಾತುಗಳನ್ನು ಮುಂದಿನ ಭಾನುವಾರ ಅದೇ ಹಾಲ್‌ನಲ್ಲಿ ಓದಿಸಬೇಕೆಂದು ಡಲ್ಲಾಸಿನಿಂದ ಆದೇಶ ಬಂದಿತ್ತು. ಕೈಪಿಡಿ ಪ್ಲಗ್ಗಿನ ಮಾತಿಲ್ಲದೆ ಮುದ್ರಣಕ್ಕೆ ಹೋಗಲಿತ್ತು. ಅದನ್ನು ತಿಳಿಸಲು ಮಧ್ಯಾಹ್ನ ಹ್ಯೂಸ್ಟನ್ನಿಗೆ ಫೋನ್ ಮಾಡಿದೆ. ಮನೆಯಲ್ಲಿ ಯಾರೂ ಎತ್ತಲಿಲ್ಲ. ಅವರ ಹಳೆಯ ಅರ್ಜಿಯಲ್ಲಿ ಬೇಕರಿಯ ನಂಬರು ಹುಡುಕಿ ಅಲ್ಲಿಗೆ ಮಾಡಿದೆ. ಯಾರೋ ಅವರನ್ನು ಕೂಗಿ ಕರೆದರು. ಹಿಟ್ಟು ಕಲಸುವ ಯಂತ್ರದ ಗಿರ್ರೆನ್ನುವ ಸದ್ದಿನ ನಡುವೆ ಅವರ “ಹಲೋ” ಕೇಳಿಸಿತು.

“ನಿಮ್ಮ ಹೆಸರಿನ ಮುಂದೆ ಹೊಸದಾಗಿ ಬರೆದದ್ದನ್ನ ಓದ್ತೀನಿ, ಕೇಳಿ,” ಅಂದೆ. ಓದಿದೆ. “ಈ ಫೇಲ್ ತಪ್ಪು. ಅನುವಾದ ಸರಿಯಾಗಿತ್ತು. ಪೋಲಿಷ್ ಬಾರದ ನಾನು ತಪ್ಪು ವಿಧಾನದಿಂದ ಪರೀಕ್ಷಿಸಿ ತಪ್ಪು ಅಂಕ ಕೊಟ್ಟೆ. ಈ ಕೆಲಸ ಮತ್ತೆ ಇವರಿಗೇ ಕೊಡಲಾಗಿದೆ.” ಕೆಳಗಿದ್ದ ನನ್ನ ಹೆಸರನ್ನೂ ಓದಿದೆ.

ಆ ಕಡೆ ಯಂತ್ರ ಗಿರ್ರೆನ್ನುತ್ತಲೇ ಇತ್ತು. ಕೇಳಿಸಲಿಲ್ಲವೇನೋ ಅಂದುಕೊಂಡೆ.

“ಸ್ವಲ್ಪ ತಡೀರಿ,” ಎಂದರು. ರಿಸೀವರ್ ಕೆಳಗಿಟ್ಟ ಸದ್ದಾಯಿತು. ನಾಲ್ಕು ಹೆಜ್ಜೆ. ಗುಂಡಿ ಒತ್ತಿದ್ದು ಕೇಳಿಸಿತು. ಯಂತ್ರ ನಿಂತಿತು.

“ಹೂಂ,” ಎಂದರು ವಾಪಸು ಬಂದು. “ಈಗ ಇನ್ನೊಮ್ಮೆ ಓದಿ.”